ಕಿವಿಗುರುತು

ಉಮದಿಯ ಕನ್ನಡ ಶಾಳೆಯ ಕಡೆಯ ಖೋಲಿ.
ಸಾಂಗ್ಲಿಯ ಬ್ಯಾಂಕೊಂದು ಬ್ಯಾಡಾಗಿ ಕೊಟ್ಟ ಕಂಪ್ಯೂಟರು.
ಚಾಲೂ ಮಾಡಿದರೆ ಬಾವಿ ಪಂಪಿನ ಗುರುಗುರು,
ಅದು ಬಿಟ್ಟರೆ ಮೂಕ.

ಪಟ್ಟಿ ತೆರೆದೆ. ಕೀಬೋರ್ಡು ಗೊತ್ತಂತೆ, ಮೌಸೂ ಗೊತ್ತು.
ಕೆಳಗೆರಡು ಹಳದಿ ಪ್ರಶ್ನೆ:
ಅಪರಿಚಿತ ಸಾಧನ.
ಅಪರಿಚಿತ ಸಾಧನ.
ಹನ್ನೊಂದು ವರ್ಷ ಒಂದೇ ಡಬ್ಬಿಯಲ್ಲಿ ಬಾಳಿ
ಹೆಸರು ಕೇಳಲಿಲ್ಲವೇನೋ ಪುಣ್ಯಾತ್ಮಾ?

ಸ್ಕ್ರೂ ಬಿಚ್ಚಿದೆವು. ಕಣಜ ಕಟ್ಟಿದ ಮಣ್ಣಿನ ಮನೆ,
ಒಣಗಿದ ಹಲ್ಲಿ, ಯಾರದೋ ಠೇವಿನ ಚೀಟಿ.
ಏಳನೆತ್ತೆಯ ಅಮಸಿದ್ಧ ಬಗ್ಗಿದ,
ಮಾಡಗ್ಯಾಳ ಕುರಿ ಕಾಯುವ ಮನೆಯವ.
“ಕಿವಿ ನೋಡ್ರಿ ಸರ.
ಮಂದಿ ಹಿಂಡಿನ್ಯಾಗ ಸೇರಿದ ಕುರಿ
ತಂದು ಹೆಸರ ತಾನ ಹೇಳತದೇನ್ರಿ?
ನಮ್ಮದಂದ್ರ ಎಡಗಿವಿ, ಎರಡು ಕತ್ತರಿ.”

ಕಿವಿ ಪರದೆಯಲ್ಲೇ ಇತ್ತು, ಮೂರು ಪುಟ ಒಳಗೆ.
ಒಂದು ಒಂದು ಸೊನ್ನೆ ಆರು,
ಮೂರು ಸೊನ್ನೆ ಐದು ಒಂಬತ್ತು.
ಅಂಗೈ ಮೇಲೆ ಬರೆದುಕೊಂಡ;
ಬೆವರಿಗೆ ಅಳಿಸೀತೆಂದು ನಾನು ಹಾಜರಿಯ ಮೂಲೆಯಲ್ಲಿ.

ಜತ್ತದ ಕೋಳೇಕರ ಅಂಕಿ ಓದಿ ನಕ್ಕ:
“ಇದು ಆವಾಜಿಂದು, ಗುರುಜೀ.”
ಸಿಡಿಗಳ ರಾಶಿಯಿಂದ ಗೀರು ಬಿದ್ದದ್ದೊಂದು ಎಳೆದು
ಅಂಗಿಗೆ ಒರೆಸಿ ಕೊಟ್ಟ.
ಬುಧವಾರ ಮಧ್ಯಾಹ್ನ ಖಿಚಡಿ ಹೊತ್ತಿಗೆ
ಡಬ್ಬಿ ಕೊರಳು ಬಿಚ್ಚಿತು.
ತಾಟು ಬಿಟ್ಟು ಓಡಿ ಬಂದವು ಮಕ್ಕಳು.

ಇನ್ನೊಂದರ ಅಂಕಿ ಯಾವ ಸಿಡಿಗೂ ಗೊತ್ತಿಲ್ಲ.
ತೆಗೆದುಬಿಡಲೇನೋ ಅಂದೆ.
“ಇರಲಿ ಬಿಡ್ರಿ ಸರ,” ಬಾಯಿ ತುಂಬ ಖಿಚಡಿ,
“ಮೇಯಕೋತ ಇರತದ.
ಯಾರರೆ ಹುಡಿಕ್ಕೋತ ಬರತಾರ.”