ಸಂಕಕ್ಕೆ ಯಾವ ನಂಬರು

ಕಂಕನಾಡಿಯಲ್ಲಿ ಮೂರನೇ ಮಹಡಿ. ಲಿಫ್ಟು ಉಂಟು, ನಡೆಯುವುದಿಲ್ಲ.
ಗ್ರೆಗರಿ ಮತಾಯಸ್ ಏದುಸಿರಲ್ಲಿ ಹತ್ತಿ ಬಂದು
ಸಿಮೆಂಟು ಕಂಪೆನಿಯ ಕೈಚೀಲ ಮೇಜಿಗೆ ಸುರಿದರು:
ವರ್ಷದ ಬಿಲ್ಲು, ಒಂದಿಷ್ಟು ಜಲ್ಲಿಹುಡಿ,
ತುಕ್ಕು ಹಿಡಿಯದ ಒಂದು ನಟ್ಟು.

"ಉದ್ಯಮದ ಕೋಡು ಹಾಕಬೇಕು. ಹೋದ ಸಲ ಎಂತ ಇತ್ತು?"
ಹೋದ ಸಲ ಯಾರೋ ಬರೆದಿದ್ದರು, ಚಿಲ್ಲರೆ ವ್ಯಾಪಾರ.
ನಕ್ಕೆವು.
ಮೂವತ್ತು ವರ್ಷ ಕಾಂಕ್ರೀಟು ಕಲಸಿದ ಮನುಷ್ಯ
ಇಲಾಖೆಯ ಕಣ್ಣಿಗೆ ಹನ್ನೆರಡು ತಿಂಗಳು
ಬೆಲ್ಲ ತೂಗಿಕೊಂಡು ಕೂತಿದ್ದ.

ಪಟ್ಟಿ ಬಿಚ್ಚಿದೆ. ಎಲ್ಲ ಐದಂಕಿ, ಎಲ್ಲಕ್ಕೂ ಮೊದಲು ಸೊನ್ನೆ ಆರು.
ಪೂರ್ತಿ ಕಟ್ಟಡ ಎಬ್ಬಿಸುವವರಿಗೊಂದು,
ರಸ್ತೆ, ಸೇತುವೆ, ಬಂದರಿಗೆ ಇನ್ನೊಂದು,
ನೀರಿನ ದಾರಿಗೆ ಬೇರೆಯೇ.
ಕಟ್ಟಕಡೆಗೆ, ಸಾರು ಮುಗಿದ ಮೇಲಿನ ಪಂಕ್ತಿಯ ಹಾಗೆ, "ಇತರೆ".

"ಸಂಕ" ಅಂದರು, ನಾನು ಓದಿ ಮುಗಿಸುವ ಮೊದಲೇ.
ಬೊಳ್ಳೆಕುದ್ರುವಿನ ಸಂಕ. ಆಚೆ ಹದಿನೇಳು ಮನೆ.
ಇಳಿತದ ಹೊತ್ತು ಕಾದು ಕಂಬ ಇಳಿಸಿದ್ದು,
ಅಮಾಸೆಯ ಉಬ್ಬರ ಅಚ್ಚಿನ ಹಲಗೆ ಹೊತ್ತೊಯ್ದು
ಮೂರನೇ ದಿನ ಅಳಿವೆಯಲ್ಲಿ ಸಿಕ್ಕಿದ್ದು.
"ಮೊದಲು ದಾಟಿದ್ದು ಯಾರು ಗೊತ್ತುಂಟಾ? ಗ್ಯಾಸಿನ ಸಿಲಿಂಡರು.
ಅದರ ಹಿಂದೆ ಎಮ್ಮೆಲ್ಲೆ.
ಸೇತುವೆ ನಂಬರೇ ಹಾಕಿಬಿಡಿ ಅಕ್ಕ."

ಯಾವುದರಲ್ಲಿ ದುಡ್ಡು ಹೆಚ್ಚೋ ಅದೇ ಮೊದಲ ಕೋಡು, ನಾವು ಹಾಕುವ ಕ್ರಮ ಅದು.
ಕೂಡಿಸುತ್ತ ಹೋದೆ.
ಸಂಕ ಒಂಬತ್ತು ಲಕ್ಷ, ಅದರಲ್ಲಿ ಎರಡು ಪಂಚಾಯತಿನಲ್ಲೇ ಬಾಕಿ.
ಮೋರಿ, ಚರಂಡಿ ಆರು. ತಡೆಗೋಡೆ ಹನ್ನೊಂದು.
ಉಳಿದ ಮೂವತ್ತೆಂಟಕ್ಕೂ ಒಂದೇ ನಮೂನೆಯ ಬಿಲ್ಲು,
ಜೆಸಿಬಿ ಗಂಟೆಗೆ ಇಷ್ಟು, ಟಿಪ್ಪರು ಲೋಡಿಗೆ ಇಷ್ಟು.
ಕುಲಶೇಖರದಲ್ಲಿ ಗುಡ್ಡೆ ತಗ್ಗಿಸಿದ್ದು,
ಅಡ್ಯಾರಿನಲ್ಲಿ, ಬೋಂದೆಲಿನಲ್ಲಿ
ಪದವು ಸಮ ಮಾಡಿದ್ದು.

ನಿವೇಶನ ತಯಾರಿ.
ಪಟ್ಟಿಯ ತುದಿಯಲ್ಲೇ ಇತ್ತು,
ನಾನು ಜಾರಿಸಿಕೊಂಡು ಕೆಳಗೆ ಹೋಗಿದ್ದೆ.

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು.
"ಹಾಗಾದ್ರೆ ನಾನು ಕಡಿಯುವವನು."
"ಲೆಕ್ಕಕ್ಕೆ ಮಾತ್ರ" ಅಂದೆ.
ಲೆಕ್ಕವನ್ನೇ ಉಣ್ಣುವ ನನ್ನ ಬಾಯಲ್ಲಿ ಬರಬಾರದ ಮಾತು.

"ಮೇಲೆ ಮುರಕಲ್ಲು, ಅಕ್ಕ, ಅಡಿಯಲ್ಲಿ ಶೇಡಿ.
ಶೇಡಿಗೆ ನೀರು ತಾಗಿದರೆ ಬೆಣ್ಣೆ, ನಿಲ್ಲುವುದಿಲ್ಲ.
ಅದಕ್ಕೆ ಗೋಡೆ.
ಕಡಿದದ್ದೂ ನಾನೇ, ತಡೆದದ್ದೂ ನಾನೇ,
ಎರಡಕ್ಕೂ ಬಿಲ್ಲು ಉಂಟು, ನೋಡಿ."

ನನ್ನ ಫ್ಲಾಟು ಬೋಂದೆಲಿನಲ್ಲಿ.
ಹಿಂದೆ ಒಂದು ಗೋಡೆ, ಅದರಲ್ಲಿ ಸಾಲಾಗಿ ತೂತು,
ಜೂನಿನಿಂದ ಕೆಂಪು ನೀರು.
ಈಗ ಕೆಲವು ದಿನದಿಂದ ಬೆಳ್ಳಗೆ ಬರುತ್ತಿದೆ.
ಅದು ಯಾರು ಕಟ್ಟಿದ್ದೆಂದು ಕೇಳಲಿಲ್ಲ.

ಸೊನ್ನೆ ಆರು ಸೊನ್ನೆ ಸೊನ್ನೆ ಒಂದು, ಒತ್ತಿದೆ.
ಕೆಳಗೆ ಇನ್ನೊಂದು ಉದ್ಯಮ ಸೇರಿಸಲು ಜಾಗ ಇತ್ತು.
"ಸೇರಿಸಿ" ಅಂದರು ಮೆಲ್ಲಗೆ,
ತಡವಾಗಿ ಬಂದ ನೆಂಟನಿಗೆ ಕುರ್ಚಿ ಕೇಳುವವರ ಹಾಗೆ.
ಸಂಕ ಎರಡನೇ ಸಾಲಿನಲ್ಲಿ ಕೂತಿತು.

ಅರ್ಧ ಮೆಟ್ಟಿಲು ಇಳಿದವರು
ಮತ್ತೆ ಹತ್ತಿ ಬಂದರು, ಬಾಗಿಲಲ್ಲೇ ಕೈ ಚಾಚಿ:
"ಆ ನಟ್ಟು ಕೊಡಿ.
ರೇಲಿಂಗಿನದ್ದು. ಕುದ್ರುವಿನ ಕಡೆ ಒಂದು ಕಮ್ಮಿ ಉಂಟು."