ಜಿ, ಎಚ್, ಬಿ ನಡುವೆ

ಮಲ್ಲಂದೂರು ರಸ್ತೆಯ ನನ್ನ ಅಂಗಡಿಗೆ
ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ
ಕಂಕುಳಲ್ಲಿಟ್ಟು ತಂದರು ದೇವೀರಮ್ಮ,
ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವವರ ಮೇಸ್ತ್ರಿ.
"ಕೆಟ್ಟೋಗಿದೆ ಕಣಪ್ಪ. ಬಾಣ ಅಲ್ಲಾಡಲ್ಲ."

ನಾನು ತೋರುಬೆರಳಿಟ್ಟೆ.
ಎಣ್ಣೆ ಸವರಿದ ಹಾಗೆ ಜಾರಿ ಹೋಯಿತು ಬಾಣ.
ಅವರು ಇಟ್ಟರು. ನಿಂತಲ್ಲೇ ನಿಂತಿತು.
ಒತ್ತಿದರು, ಉಜ್ಜಿದರು, ಸೆರಗಿಗೆ ಒರೆಸಿ ಮತ್ತೆ ಇಟ್ಟರು,
ಒಳಗೆ ದೀಪ ಉರಿಯುತ್ತಿದ್ದೂ
ಕದ ತೆಗೆಯದ ಮನೆಯ ಮುಂದೆ ನಿಂತವರ ಹಾಗೆ.

ಯಂತ್ರ ಸರಿಯಿದೆ ಅನ್ನಲು ನನಗೆ ನಾಚಿಕೆ.
ಹಾಗಂದರೆ, ಕೆಟ್ಟಿರುವುದು ಯಾವುದು?

"ರೇಷನ್ನಿನವನೂ ಹಿಂಗೇ ಅಂದ," ಅವರೇ ಹೇಳಿದರು,
"ನಿಂಗೆ ಗೆರೆನೇ ಇಲ್ಲ ಕಣಮ್ಮ, ಅಂತ."
ಮೇಜಿನ ದೀಪದ ಕೆಳಗೆ ಬೆರಳು ಚಾಚಿದರು.
ಮೂವತ್ತೊಂದು ವರ್ಷ:
ಕರಿಬೀಜ ಈ ಕಡೆ, ಒಡಕು ಆ ಕಡೆ,
ಹುಳ ಕೊರೆದದ್ದು ಡಬ್ಬಕ್ಕೆ.
ಉಗುರಿನ ಬುಡದವರೆಗೂ ನುಣುಪು, ಒಣಕಲು, ದಪ್ಪ.
ಹೊಳೆಯ ಕಲ್ಲಿನಂತೆ ಅನ್ನೋಣವೆ?
ಬೇಡ. ಬೆರಳು ಬೆರಳೇ.

ಆ ಬೂದು ಚೌಕ ಕೇಳುವುದು ಬಲವನ್ನಲ್ಲ,
ಚರ್ಮದ ಒಂದಿಷ್ಟು ತೇವ, ಚೂರೇ ಚೂರು ವಿದ್ಯುತ್ತು;
ನನ್ನಂಥ ಮೆತ್ತನೆ ಕೈಯವರನ್ನು ನೆನೆದು ಮಾಡಿದ್ದು.
ಇದನ್ನು ಹೇಗೆ ಹೇಳುವುದೆಂದು ತಿಳಿಯದೆ
ಅಟ್ಟದಿಂದ ಹಳೆಯ ಕಪ್ಪು ಲ್ಯಾಪ್‌ಟಾಪೊಂದನ್ನು ಇಳಿಸಿದೆ,
ಯಾವುದೋ ಬ್ಯಾಂಕಿನವರು ಕಿಲೋ ಲೆಕ್ಕದಲ್ಲಿ ಹಾಕಿದ್ದು.
ಕೀಲಿಗಳ ನಡುವೆ, ಜಿ, ಎಚ್, ಬಿ ಸೇರುವಲ್ಲಿ,
ಒಂದು ಕೆಂಪು ರಬ್ಬರು ಮೊಟ್ಟು.

"ಹಣ್ಣು!" ಅಂದರು.
"ಕೀಳಬೇಡಿ. ಬರೀ ನೂಕಿ, ಹೋಗಬೇಕಾದ ಕಡೆಗೆ."
ನೂಕಿದರು.
ಬಾಣ ಒಂದೇ ಓಟಕ್ಕೆ ಪರದೆಯ ಮೂಲೆ ಸೇರಿತು,
ಹಗ್ಗ ಕಿತ್ತ ಕರು.
"ಅಬ್ಬ, ಇಷ್ಟು ಜೋರಾ?"
ಆಮೇಲೆ ಮೆಲ್ಲಗೆ. ಇನ್ನೂ ಮೆಲ್ಲಗೆ.
ಮೂಟೆ ನಾನೂರ ಹನ್ನೆರಡು, ತೂಕ, ತೇವಾಂಶ, ಸರಿ.
ಬೆರಳು ತೆಗೆದ ಮೇಲೂ ಬಾಣ
ತನ್ನಷ್ಟಕ್ಕೆ ತಾನೇ ಬಲಕ್ಕೆ ತೆವಳತೊಡಗಿತು.
"ಹಳೇದು ಹಂಗೇ," ಅಂದೆ,
"ಹಿಡಿದು ಎಳೀಬೇಡಿ. ಕೈಬಿಟ್ಟು ಸುಮ್ಮನಿರಿ, ನಿಲ್ಲುತ್ತೆ."
ಇಬ್ಬರೂ ಬಗ್ಗಿ ಕಾದೆವು.
ನಿಂತಿತು.

ಚೌಕಾಸಿ ಮಾಡಿ ಇನ್ನೂರು ಇಳಿಸಿದರು.

ಹದಿನೈದು ದಿನಕ್ಕೆ ಫೋನು:
ಮೊಟ್ಟು ಕಳಚಿ ಬೀಜದ ರಾಶಿಗೆ ಬಿದ್ದಿದೆ.
ಬೇರೆ ತರಿಸಲು ಒಂದು ವಾರ ಬೇಕು ಅನ್ನುವಷ್ಟರಲ್ಲಿ
ಆ ಕಡೆ ಗದ್ದಲ, ಹೆಂಗಸರ ನಗು,
ಮೊರದಲ್ಲಿ ಬೀಜ ಸರಿದ ಸದ್ದು.
ಹತ್ತು ಮೂಟೆ ಸುರಿದ ರಾಶಿ,
ಅದರೊಳಗೆಲ್ಲೋ ಬಟಾಣಿಗಿಂತ ಚಿಕ್ಕದೊಂದು ಕೆಂಪು.

"ಸಿಕ್ತು ಬಿಡಪ್ಪ, ನಮ್ಮ ಚೆಲುವಿ ಕೈಗೆ ಸಿಕ್ತು.
ಅವಳು ನೋಡ್ಲೂ ಇಲ್ಲ, ಅತ್ಲಾಗೆ ತಿರುಗಿ ಮಾತಾಡ್ತಿದ್ಲು.
ಅಂಟು ಹಾಕಬೇಕಾ, ಹಂಗೇ ಕೂರುತ್ತಾ,
ಅಷ್ಟು ಹೇಳು."