ನಲವತ್ತೊಂದನೆಯ ನಿಮಿಷ

ಒಟ್ಟು ಆರುನೂರ ಹದಿನೇಳು ಶಾಟುಗಳು.
ಸರಾಸರಿ ಎಂಟೂವರೆ ಸೆಕೆಂಡು.
ಅಳೆದೂ ಸುರಿದೂ ಬರೆದಿಟ್ಟಿದ್ದೇನೆ,
ಎರಡು ಚಳಿಗಾಲ, ತಾಷ್ಕೆಂಟಿನ ಫಿಲ್ಮ್ ಭಂಡಾರದ ನೆಲಮಾಳಿಗೆಯಲ್ಲಿ
ಕೋಟು ಬಿಚ್ಚದೆ,
ಸುರುಳಿಯನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ.
ಕೊಳೆವ ಫಿಲ್ಮಿನ ಹುಳಿ ವಾಸನೆ ಮನೆಗೂ ಬರುತ್ತಿತ್ತು.
ಉಪ್ಪಿನಕಾಯಿ ಹಾಕುವ ಕೆಲಸವೇನೇ ನಿಂದು
ಎನ್ನುತ್ತಿದ್ದಳು ಅತ್ತೆ.

ಇನ್ನೂರ ತೊಂಬತ್ತೊಂದನೆಯ ಶಾಟು:
ಹೆಂಗಸೊಬ್ಬಳು ಕಾಗದ ಓದುತ್ತಾಳೆ.
ಮೇಜಿನ ಮೇಲೆ ಪಿಯಾಲೆ, ಚಹಾ.
ಇದ್ದಕ್ಕಿದ್ದಂತೆ ಇಡೀ ಚೌಕಟ್ಟು ನಡುಗುತ್ತದೆ,
ಎರಡು ಸೆಕೆಂಡು, ಮೂರಿಲ್ಲ.
ಚಹಾದಲ್ಲಿ ಉಂಗುರ ಏಳುತ್ತದೆ. ಅವಳು ತಲೆಯೆತ್ತುತ್ತಾಳೆ.
ಕಟ್.

ಆ ಎರಡು ಸೆಕೆಂಡಿಗೆ ಮೂವತ್ತೆಂಟು ಪುಟ ಬರೆದೆ.
ಕ್ಯಾಮೆರಾ ಪಾತ್ರದೊಳಗೆ ಹೊಕ್ಕಿದೆ ಎಂದೆ.
ಚೌಕಟ್ಟೇ ಇಲ್ಲಿ ಎದೆಬಡಿತ ಎಂದೆ.
ಪ್ಯಾರಿಸ್ಸಿನ ಇಬ್ಬರನ್ನು, ಮಾಸ್ಕೋದ ಒಬ್ಬರನ್ನು
ಸಾಕ್ಷಿಗೆ ಕರೆದೆ.
ಪ್ರೊಫೆಸರ್ ವೆನಿಯಾಮಿನ್ ಅರ್ಕಾದ್ಯೆವಿಚ್
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದರು: ಭೇಷ್.
ಅವರು ಹಾಗೆ ಬರೆದದ್ದು ಅದೊಂದೇ ಸಲ.

ಆಮೇಲೆ ಯಾರೋ ಹೇಳಿದರು,
ಅದನ್ನು ಕತ್ತರಿಸಿ ಅಂಟಿಸಿದಾಕೆ ಇನ್ನೂ ಇದ್ದಾರೆ,
ಚಿಲಾನ್ಜಾರಿನಲ್ಲಿ, ಲಿಫ್ಟಿಲ್ಲದ ನಾಲ್ಕನೇ ಮಹಡಿ.

ಸಬೋಹತ್ ಓಪಾ. ಎಂಬತ್ತಾರು.
ಎರಡು ಗುಟುಕಿನಷ್ಟೇ ಚಹಾ ಸುರಿದರು.
ನಮ್ಮಲ್ಲಿ ಅದೇ ಮರ್ಯಾದೆ; ತುಂಬಿಸಿ ಕೊಟ್ಟರೆ
ಕುಡಿದು ಹೊರಡು ಎಂದರ್ಥ.
ಲ್ಯಾಪ್‌ಟಾಪ್ ತೆರೆದೆ.
ಹುಬ್ಬಿಗೆ ಕೈಯಡ್ಡ ಹಿಡಿದು ನೋಡಿದರು. ನಕ್ಕರು.

'ಭೂಕಂಪ, ಮಗಳೇ.
ದೊಡ್ಡದು ಏಪ್ರಿಲ್‌ನಲ್ಲೇ ಬಂದು ಹೋಗಿತ್ತು. ಇವು ಅದರ ಮರಿ,
ವರ್ಷವಿಡೀ ಬರುತ್ತಿದ್ದವು, ಹೇಳದೆ ಕೇಳದೆ ಬರುವ ನೆಂಟರ ಹಾಗೆ.
ದೀಪದವರು ಓಡಿದರು, ಅವರಿಗಿಂತ ಮೊದಲು ನಿರ್ದೇಶಕ.
ಕ್ಯಾಮೆರಾದ ಯಾಕೂಬ್‌ಜಾನನಿಗೆ ಮಾತ್ರ
ಓಡುವುದು ಮರೆತುಹೋಯಿತಂತೆ.'

ಮೂವತ್ತೆಂಟು ಪುಟ
ಚೀಲದಲ್ಲಿ ಇಟ್ಟಿಗೆಯಾಗಿ ಕೂತವು.
ಏನಾದರೂ ಕೇಳಬೇಕಲ್ಲ, ಕೇಳಿದೆ:
ಮತ್ತೆ ತೆಗೆಯಲಿಲ್ಲವೇ?

'ತೆಗೆದರು. ಮೂರು ಸಲ. ಮೂರೂ ಚೊಕ್ಕ.
ನೆಲ ಅಲುಗಲಿಲ್ಲ, ಚಹಾ ಅಲುಗಲಿಲ್ಲ,
ಅವಳೂ ಅಲುಗಲಿಲ್ಲ,
ಕರೆಂಟಿನ ಬಿಲ್ಲು ಓದುವ ಹಾಗೆ ಕಾಗದ ಓದಿದಳು.
ನಾಲ್ಕೂ ತುಣುಕು ಮೊಳೆಗೆ ನೇತುಹಾಕಿ ರಾತ್ರಿಯಿಡೀ ಕೂತೆ.
ಮನೆ ಬಿದ್ದು ಆರು ತಿಂಗಳು, ಅಮ್ಮ ಇನ್ನೂ ಡೇರೆಯಲ್ಲಿ.
ಯಾರನ್ನೂ ಕೇಳಲಿಲ್ಲ. ಇದನ್ನೇ ಅಂಟಿಸಿದೆ.'

ನಿರ್ದೇಶಕರು?

'ಪರದೆಯ ಮೇಲೆ ನೋಡಿ
ತಾನೇ ಮಾಡಿದ್ದು ಅಂದುಕೊಂಡ.'

ನಾನು ಬರೆದದ್ದನ್ನು ಓದಿಸಿಕೊಂಡರು,
ರಷ್ಯನ್ನಿನಿಂದ ಉಜ್ಬೆಕ್ಕಿಗೆ ತಡವರಿಸುತ್ತ ಬಂದೆ.
ಚೌಕಟ್ಟೇ ಎದೆಬಡಿತ, ಎಂಬಲ್ಲಿ ಕೈಯೆತ್ತಿದರು.
'ಇರಲಿ ಬಿಡು, ಸುಳ್ಳೇನಲ್ಲ.
ಯಾರ ಎದೆ ಅಂತ ಬರೆದಿಲ್ಲ, ಅಷ್ಟೆ.'

ಬಸ್ಸಿನಲ್ಲಿ ಪಟ್ಟಿ ತೆಗೆದೆ:
ಸಂಖ್ಯೆ, ಅವಧಿ, ದೂರ, ಚಲನೆ.
ಇನ್ನೂರ ತೊಂಬತ್ತೊಂದರ ಮುಂದೆ, ಚಲನೆಯ ಮನೆಯಲ್ಲಿ,
'ಕೈಯಲ್ಲಿ ಹಿಡಿದ ಕ್ಯಾಮೆರಾ' ಎಂದಿದ್ದುದನ್ನು ಒರೆಸಿ
'ನೆಲ' ಎಂದು ಬರೆದೆ.

ಪ್ರೊಫೆಸರು ಈ ಸಲ ಅಂಚಿನಲ್ಲಿ
ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.
ಅದನ್ನು ಹಾಗೇ ಬಿಟ್ಟಿದ್ದೇನೆ.